ಸಾವಿರ ಕೋಟಿಯಲ್ಲಿ ಒಂದು: ಬಾಹ್ಯಗ್ರಹಗಳ ದೂರದರ್ಶಕವೂ ನಮ್ಮ ಅಳತೆಪಟ್ಟಿಯೂ

ಸಂಜೆ ಅಂಗಡಿಯ ಬಾಗಿಲು ಹಾಕುವ ಮುನ್ನ ಗಲ್ಲಾಪೆಟ್ಟಿಗೆಯ ಹಣಕ್ಕೂ ನಗದು ಪುಸ್ತಕಕ್ಕೂ ಹತ್ತು ರೂಪಾಯಿ ವ್ಯತ್ಯಾಸ ಬಂದರೆ, ಆ ಹತ್ತು ರೂಪಾಯಿಯ ಲೆಕ್ಕ ಸಿಗುವವರೆಗೆ ಮನೆಗೆ ಹೋಗದ ವರ್ತಕರು ನಮ್ಮ ಊರಿನಲ್ಲಿ ಇಂದಿಗೂ ಇದ್ದಾರೆ. ಅಂತಹವರ ಮುಂದೆ ಒಂದು ಲೆಕ್ಕವನ್ನು ಇಡಬಯಸುತ್ತೇನೆ. ಸಾವಿರ ಕೋಟಿ ನಾಣ್ಯಗಳ ರಾಶಿಯಲ್ಲಿ ಒಂದೇ ಒಂದು ನಾಣ್ಯ ಬೇರೆ ಟಂಕಸಾಲೆಯದು. ರಾಶಿಯನ್ನು ಕೈಯಿಂದ ಮುಟ್ಟದೆ, ದೂರದಲ್ಲಿ ನಿಂತೇ ಆ ಒಂದು ನಾಣ್ಯವನ್ನು ಗುರುತಿಸಬೇಕು. ಅದರಲ್ಲಿ ಯಾವ ಲೋಹವಿದೆ ಎಂಬುದನ್ನೂ ಹೇಳಬೇಕು. ಇದು ಒಗಟಲ್ಲ. ದೂರದ ನಕ್ಷತ್ರವೊಂದನ್ನು ಸುತ್ತುತ್ತಿರುವ, ನಮ್ಮ ಭೂಮಿಯಂತಹ ಗ್ರಹವನ್ನು ನೇರವಾಗಿ ಕಾಣಬಲ್ಲ ಬಾಹ್ಯಾಕಾಶ ಉಪಕರಣವನ್ನು ವಿನ್ಯಾಸಗೊಳಿಸುವವರ ನಿತ್ಯದ ಲೆಕ್ಕ.

ರೇಷ್ಮೆ, ಕಲ್ಲು, ಅರಿಸಿನ, ಮುಸುಕಿನ ಜೋಳದ ಧಾರಣೆ ನೋಡಲು ಈ ಪತ್ರಿಕೆಯನ್ನು ತೆರೆಯುವ ಸದಸ್ಯರಿಗೆ ಈ ವಿಷಯ ಏಕೆ ಎಂಬ ಪ್ರಶ್ನೆ ಸಹಜ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಕೆಲವರು ನಗಲೂಬಹುದು. ಕೊಳ್ಳೇಗಾಲದಲ್ಲಿ ದೂರದರ್ಶಕ ಕಟ್ಟೋಣವೆಂದು ನಾನು ಹೇಳುತ್ತಿಲ್ಲ. ಆದರೆ ಅಂತಹ ಉಪಕರಣ ಕಟ್ಟುವವರು ಅನುಸರಿಸುವ ಒಂದು ಪದ್ಧತಿಯುಂಟು. ಅದನ್ನು ಅರಿಯದ ಕಾರಣದಿಂದಲೇ ಕೊಳ್ಳೇಗಾಲ, ಹನೂರು, ಯಳಂದೂರಿನ ಸಣ್ಣ ಉದ್ದಿಮೆದಾರರು ಒಳ್ಳೆಯ ಸರಕಿಟ್ಟುಕೊಂಡೂ ಕಡಿಮೆ ಬೆಲೆಗೆ ಮಾರುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಸರಕು ಕೆಟ್ಟದ್ದಲ್ಲ. ನಮ್ಮ ಅಳತೆ ಸಾಲದು.

ಬೆಟ್ಟದ ದಾರಿಯ ಲಾರಿ ದೀಪ

ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ರಾತ್ರಿ ವಾಹನ ಓಡಿಸಿದವರಿಗೆ ಈ ಸಮಸ್ಯೆ ತಟ್ಟನೆ ಅರ್ಥವಾಗುತ್ತದೆ. ತಿರುವಿನಲ್ಲಿ ಎದುರಿನಿಂದ ಲಾರಿ ಬಂದಾಗ ಅದರ ದೀಪ ಕಣ್ಣು ಕುಕ್ಕುತ್ತದೆ. ಆ ದೀಪದ ಪಕ್ಕದಲ್ಲೇ ಒಂದು ಮಿಂಚುಹುಳು ಹಾರುತ್ತಿದ್ದರೆ ಕಾಣುವುದೆಂತು? ನಾವು ಅಂಗೈಯನ್ನು ಅಡ್ಡ ಹಿಡಿದು ದೀಪವನ್ನು ಮರೆಮಾಡುತ್ತೇವೆ. ಆಗ ರಸ್ತೆಯ ಅಂಚು ಕಾಣುತ್ತದೆ. ನಕ್ಷತ್ರದ ಬೆಳಕನ್ನು ಮರೆಮಾಡಿ ಪಕ್ಕದ ಗ್ರಹವನ್ನು ನೋಡುವ ಉಪಕರಣಕ್ಕೆ ಕರೋನಾಗ್ರಾಫ್ ಎಂದು ಹೆಸರು. ಸೂರ್ಯನ ಸುತ್ತಲಿನ ಪ್ರಭಾವಲಯವನ್ನು ಗ್ರಹಣವಿಲ್ಲದ ದಿನವೂ ನೋಡಲೆಂದು ಫ್ರಾನ್ಸಿನ ಬರ್ನಾರ್ಡ್ ಲಿಯೋ 1930ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು.

ಸೂರ್ಯನಂತಹ ಇನ್ನೊಂದು ನಕ್ಷತ್ರವನ್ನು ಸುತ್ತುವ ಗ್ರಹವು 1995ರಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಅದನ್ನು ಪತ್ತೆಮಾಡಿದ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 2025ರ ವೇಳೆಗೆ ದೃಢಪಟ್ಟ ಬಾಹ್ಯಗ್ರಹಗಳ ಸಂಖ್ಯೆ ಆರು ಸಾವಿರವನ್ನು ದಾಟಿತು. ಆದರೆ ಇವುಗಳಲ್ಲಿ ಬಹುಪಾಲು ಪರೋಕ್ಷವಾಗಿ ತಿಳಿದುಬಂದವು: ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡಿದ್ದನ್ನೋ, ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಕೊಂಚ ಕುಂದಿದ್ದನ್ನೋ ನೋಡಿ ಊಹಿಸಿದ್ದು. ನೇರವಾಗಿ ಚಿತ್ರ ತೆಗೆಯಲು ಸಾಧ್ಯವಾದವು ಕೆಲವೇ. 2008ರಲ್ಲಿ ಪ್ರಕಟವಾದ ಎಚ್‌ಆರ್ 8799 ನಕ್ಷತ್ರದ ಗ್ರಹಗಳು ಅವುಗಳಲ್ಲಿ ಪ್ರಸಿದ್ಧವಾದವು. ಅವೆಲ್ಲವೂ ಗುರುಗ್ರಹಕ್ಕಿಂತ ದೊಡ್ಡವು, ಹುಟ್ಟಿದ ಬಿಸಿ ಇನ್ನೂ ಆರದವು, ತಮ್ಮ ನಕ್ಷತ್ರದಿಂದ ಬಹು ದೂರದಲ್ಲಿರುವವು. ಭೂಮಿಯಂತಹ ಗ್ರಹವೊಂದರ ಚಿತ್ರ ಇದುವರೆಗೆ ಯಾರಿಗೂ ಸಿಕ್ಕಿಲ್ಲ.

ಕಾರಣ ಸರಳ. ಸೂರ್ಯನಂತಹ ನಕ್ಷತ್ರದಿಂದ ಸಾವಿರ ಕೋಟಿ ಬೆಳಕಿನ ಕಣಗಳು ಬಂದರೆ ಅದರ ಭೂಮಿಯಿಂದ ಬರುವುದು ಒಂದು. ಮೂವತ್ತೆರಡು ಜ್ಯೋತಿರ್ವರ್ಷ ದೂರದಿಂದ ನೋಡಿದರೆ ಅವೆರಡರ ನಡುವಿನ ಅಂತರ, ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಐವತ್ತು ಕಿಲೋಮೀಟರ್ ಆಚೆ ಇಟ್ಟು ನೋಡಿದಷ್ಟು. ನೆಲದ ಮೇಲಿನಿಂದ ನೋಡಿದರೆ ಗಾಳಿಯ ಅಲುಗಾಟ ಬಿಂಬವನ್ನು ಕಲಕುತ್ತದೆ. ಆದ್ದರಿಂದಲೇ ಉಪಕರಣವನ್ನು ವಾತಾವರಣದ ಆಚೆಗೆ ಒಯ್ಯಬೇಕಾಗುತ್ತದೆ. ಅಲ್ಲಿಗೆ ಹೋದ ಮೇಲೂ ಅಂಗೈ ಅಡ್ಡ ಹಿಡಿದ ಮಾತ್ರಕ್ಕೆ ಕೆಲಸ ಮುಗಿಯದು. ಬೆಳಕು ಅಡ್ಡಿಯ ಅಂಚಿನಲ್ಲಿ ಬಾಗಿ ಒಳನುಗ್ಗುತ್ತದೆ. ಕನ್ನಡಿಯ ಒಂದು ಸಣ್ಣ ಗೀರು, ಒಂದು ಧೂಳಿನ ಕಣ ಬೆಳಕನ್ನು ಚೆದುರಿಸಿ ಸುಳ್ಳು ಗ್ರಹವನ್ನೇ ತೋರಿಸಬಲ್ಲದು.

ಹೊಸಕೋಟೆಯಲ್ಲಿ ನಡೆದ ಕೆಲಸ

ಇದು ಅಮೆರಿಕದವರ ಕೆಲಸ, ನಮಗೇನು ಎನ್ನುವಂತಿಲ್ಲ. ಇದೇ ಜಾತಿಯ ಉಪಕರಣವೊಂದು ನಮ್ಮ ರಾಜ್ಯದಲ್ಲೇ ತಯಾರಾಗಿದೆ. 2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡು, 2024ರ ಜನವರಿ 6ರಂದು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವೇ ಒಂದು ಕರೋನಾಗ್ರಾಫ್. ಅದನ್ನು ನಿರ್ಮಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಜೋಡಿಸಿ ಪರೀಕ್ಷಿಸಿದ್ದು ಆ ಸಂಸ್ಥೆಯ ಹೊಸಕೋಟೆಯ ಆವರಣದಲ್ಲಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವೂ ಅಲ್ಲೇ ಸಿದ್ಧವಾಯಿತು.

ಈ ಕರೋನಾಗ್ರಾಫ್‌ನ ಯುಕ್ತಿ ಗಮನಾರ್ಹವಾದುದು. ಒಳಗಿನ ಎರಡನೆಯ ಕನ್ನಡಿಯ ನಡುವೆ ಒಂದು ರಂಧ್ರವಿದೆ. ಸೂರ್ಯಬಿಂಬದ ಪ್ರಖರ ಬೆಳಕು ಆ ರಂಧ್ರದ ಮೂಲಕ ಹಾದು ಹೊರಕ್ಕೆ ಹೋಗಿಬಿಡುತ್ತದೆ. ಸುತ್ತಲಿನ ಪ್ರಭಾವಲಯದ ಮಂದ ಬೆಳಕು ಮಾತ್ರ ಕನ್ನಡಿಯಲ್ಲಿ ಪ್ರತಿಫಲಿಸಿ ಮುಂದೆ ಸಾಗುತ್ತದೆ. ಭತ್ತ ತೂರಿ ಜೊಳ್ಳನ್ನು ಬೇರ್ಪಡಿಸಿದಂತೆ. ಪ್ರಭಾವಲಯದ ಬೆಳಕು ಸೂರ್ಯಬಿಂಬದ ಬೆಳಕಿನ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಭೂಮಿಯಂತಹ ಬಾಹ್ಯಗ್ರಹದ ಲೆಕ್ಕ ಇದಕ್ಕಿಂತ ಹತ್ತು ಸಾವಿರ ಪಟ್ಟು ಕಠಿಣ. ಆದರೂ ದಾರಿ ಒಂದೇ: ಮೊದಲು ಬೇಡದ ಬೆಳಕನ್ನು ಹೊರಹಾಕುವುದು, ಬಳಿಕ ಬೇಕಾದುದನ್ನು ಎಣಿಸುವುದು.

ಇನ್ನೊಂದು ಉಪಕರಣವೂ ಉಲ್ಲೇಖಾರ್ಹ. 2023ರ ಜುಲೈ 14ರಂದು ಹೊರಟ ಚಂದ್ರಯಾನ-3ರ ನೋದನ ಘಟಕದಲ್ಲಿ ‘ಶೇಪ್’ ಎಂಬ ಸಣ್ಣ ಉಪಕರಣವಿತ್ತು. ಚಂದ್ರನ ಬಳಿಯಿಂದ ಹಿಂದಿರುಗಿ ನೋಡಿ, ಭೂಮಿಯೇ ಒಂದು ಬಾಹ್ಯಗ್ರಹವಾಗಿದ್ದರೆ ದೂರದವರಿಗೆ ಅದರ ಬೆಳಕು ಹೇಗೆ ಕಾಣುತ್ತಿತ್ತು ಎಂದು ದಾಖಲಿಸುವುದು ಅದರ ಕೆಲಸ. ಜೀವವಿರುವ ಗ್ರಹದ ಬೆಳಕಿನ ಗುರುತು ಯಾವುದೆಂದು ಮೊದಲೇ ಗೊತ್ತಿರದಿದ್ದರೆ ಮುಂದೆ ಸಿಗುವ ಬೆಳಕನ್ನು ಯಾವುದಕ್ಕೆ ಹೋಲಿಸುವುದು? ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಅವರು ಮೊದಲು ಮಾದರಿ ಸರಕನ್ನು ತೆಗೆದಿಟ್ಟುಕೊಂಡರು.

ನೆಲದ ಮೇಲಿನ ‘ಮೂವತ್ತು ಮೀಟರ್ ದೂರದರ್ಶಕ’ ಯೋಜನೆಯಲ್ಲಿಯೂ ಭಾರತ ಪಾಲುದಾರ. ಅದರ ಕನ್ನಡಿಯ 492 ಬಿಲ್ಲೆಗಳಲ್ಲಿ ಒಂದು ಪಾಲನ್ನು ನಯಗೊಳಿಸುವ ಕಾರ್ಯಾಗಾರ ಹೊಸಕೋಟೆಯಲ್ಲೇ ಇದೆ. ಬಿಲ್ಲೆಗಳನ್ನು ಹೊರುವ ಆಧಾರ ಮತ್ತು ಅವುಗಳನ್ನು ಅಲುಗಿಸುವ ಭಾಗಗಳ ಕೆಲಸ ಬೆಂಗಳೂರಿನ ಅವಸರಾಲ, ಮುಂಬಯಿಯ ಗೋದ್ರೆಜ್ ಸಂಸ್ಥೆಗಳಿಗೂ, ಅಂಚಿನ ಸಂವೇದಕಗಳ ಕೆಲಸ ಪುದುಚೇರಿಯ ಸಂಸ್ಥೆಗೂ ದೊರೆಯಿತು. ಸ್ಥಳ ಮತ್ತು ಹಣದ ತೊಡಕುಗಳಿಂದ ಆ ಯೋಜನೆ ವರ್ಷಗಟ್ಟಲೆ ಹಿಂದೆ ಬಿದ್ದಿದೆ ನಿಜ. ಆದರೆ ಕೆಲಸ ಕಲಿತ ಕೈಗಳು ಇಲ್ಲಿಯೇ ಉಳಿದಿವೆ ಎಂಬುದನ್ನು ಮರೆಯಬಾರದು.

ದೋಷಗಳ ಆಯವ್ಯಯ ಪತ್ರ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂತಹ ಉಪಕರಣದ ವಿನ್ಯಾಸ ಆರಂಭವಾಗುವುದು ಕನ್ನಡಿಯಿಂದಲ್ಲ, ಒಂದು ಲೆಕ್ಕಪತ್ರದಿಂದ. ಒಟ್ಟು ಎಷ್ಟು ದೋಷವನ್ನು ತಾಳಿಕೊಳ್ಳಬಹುದು ಎಂಬುದನ್ನು ಮೊದಲು ನಿಗದಿಪಡಿಸುತ್ತಾರೆ. ಆ ದೋಷವನ್ನು ಹಣದಂತೆ ಎಲ್ಲ ಭಾಗಗಳಿಗೂ ಹಂಚುತ್ತಾರೆ: ಕನ್ನಡಿಯ ನಯಕ್ಕೆ ಇಷ್ಟು, ಬಿಸಿಲಿಗೆ ಚೌಕಟ್ಟು ಹಿಗ್ಗುವುದಕ್ಕೆ ಇಷ್ಟು, ನೌಕೆಯ ಚಕ್ರಗಳ ಕಂಪನಕ್ಕೆ ಇಷ್ಟು, ಕ್ಯಾಮೆರಾದ ಗದ್ದಲಕ್ಕೆ ಇಷ್ಟು. ಯಾವ ವಿಭಾಗವೂ ತನ್ನ ಪಾಲನ್ನು ಮೀರಿ ತಪ್ಪುವಂತಿಲ್ಲ. ಮೀರಿದರೆ ಇನ್ನೊಂದು ವಿಭಾಗದಿಂದ ಸಾಲ ಪಡೆಯಬೇಕು. ಸಾವಿರ ಕೋಟಿಯಲ್ಲಿ ಒಂದನ್ನು ಕಾಣಬೇಕಾದರೆ ಬೆಳಕಿನ ಅಲೆಯ ಮುಖವನ್ನು ಕೆಲವು ಹತ್ತು ಪಿಕೋಮೀಟರುಗಳೊಳಗೆ ಸ್ಥಿರವಾಗಿ ಹಿಡಿಯಬೇಕು. ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ; ಪರಮಾಣುವಿನ ಅಗಲ ಇದರ ನೂರು ಪಟ್ಟಿನ ಆಸುಪಾಸು.

ಈ ಲೆಕ್ಕದಲ್ಲಿ ವರ್ತಕರಿಗೆ ವಿಚಿತ್ರವೆನಿಸುವ ಒಂದು ನಿಯಮವಿದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಮೂರು ಮತ್ತು ನಾಲ್ಕು ಸೇರಿ ಏಳಾಗದೆ ಐದಾಗುತ್ತದೆ. ಹತ್ತು ಮತ್ತು ಒಂದು ಸೇರಿದರೆ ಹತ್ತಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೇ. ಇದರ ತಾತ್ಪರ್ಯವೇನು? ಹತ್ತರ ದೋಷವನ್ನು ಹಾಗೆಯೇ ಬಿಟ್ಟು ಒಂದರ ದೋಷವನ್ನು ಸರಿಪಡಿಸಲು ಹಣ ಸುರಿದರೆ ಆ ಹಣ ನೀರಿಗೆ ಹಾಕಿದಂತೆ. ಮೊದಲು ದೊಡ್ಡ ದೋಷ ಯಾವುದೆಂದು ಕಂಡುಹಿಡಿಯಬೇಕು, ಅದಕ್ಕೆ ಅಳೆಯಬೇಕು, ಅಳೆದುದನ್ನು ಬರೆದಿಡಬೇಕು.

ನಾಸಾದ ರೋಮನ್ ದೂರದರ್ಶಕದ ಕರೋನಾಗ್ರಾಫ್‌ನಲ್ಲಿ ಎರಡು ಬಾಗುವ ಕನ್ನಡಿಗಳಿವೆ. ಒಂದೊಂದರ ಬೆನ್ನಿಗೂ ಎರಡು ಸಾವಿರಕ್ಕೂ ಹೆಚ್ಚು ಪುಟ್ಟ ಕೊಂತಗಳಿದ್ದು, ಅವು ಕನ್ನಡಿಯ ಮೈಯನ್ನು ಬೇಕಾದಂತೆ ತಿದ್ದುತ್ತವೆ. ಇಲ್ಲಿ ಗಮನಿಸಬೇಕಾದ ಮಾತೆಂದರೆ, ದೋಷರಹಿತ ಕನ್ನಡಿ ಮಾಡುತ್ತೇವೆಂದು ಅವರು ಹೇಳಿಕೊಳ್ಳಲಿಲ್ಲ. ದೋಷ ಉಳಿಯುವುದೆಂದು ಒಪ್ಪಿ, ಅದನ್ನು ಅಳೆದು ತಿದ್ದುವ ವ್ಯವಸ್ಥೆಯನ್ನು ಉಪಕರಣದ ಒಳಗೇ ಇಟ್ಟರು. ಈ ಕರೋನಾಗ್ರಾಫ್ ಕೇವಲ ತಂತ್ರಜ್ಞಾನ ಪ್ರಯೋಗ. ಭೂಮಿಯಂತಹ ಗ್ರಹವನ್ನು ಕಾಣುವ ಗುರಿ ಅದರ ಮುಂದಿನ, ಇನ್ನೂ ಯೋಜನೆಯ ಹಂತದ ದೂರದರ್ಶಕದ್ದು. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆ ಇನ್ನೊಂದು ಎಂಬುದು ಅವರ ರೀತಿ.

ಹಬಲ್ ಕಲಿಸಿದ ಪಾಠ, ನನಗಾದ ನಷ್ಟ

ಅಳತೆಯೇ ತಪ್ಪಿದರೆ ಏನಾಗುವುದೆಂಬುದಕ್ಕೆ 1990ರ ಏಪ್ರಿಲ್‌ನಲ್ಲಿ ಹಾರಿದ ಹಬಲ್ ದೂರದರ್ಶಕಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅದರ 2.4 ಮೀಟರ್ ಕನ್ನಡಿಯನ್ನು ಅತ್ಯಂತ ನಯವಾಗಿ ಉಜ್ಜಲಾಗಿತ್ತು; ಆದರೆ ತಪ್ಪು ಆಕಾರಕ್ಕೆ. ಅಂಚಿನಲ್ಲಿ ಸುಮಾರು ಎರಡು ಮೈಕ್ರಾನ್ ಹೆಚ್ಚಾಗಿ ಸವೆದಿತ್ತು. ಕಾರಣ ಕೆಲಸಗಾರರ ಕೈಯಲ್ಲ. ಕನ್ನಡಿಯನ್ನು ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಅತ್ತಿತ್ತ ಕುಳಿತಿತ್ತು. ಬೇರೆ ಪರೀಕ್ಷೆಗಳು ದೋಷವನ್ನು ತೋರಿಸಿದ್ದವು; ಅವು ಅಷ್ಟು ನಿಖರವಲ್ಲವೆಂದು ಬದಿಗೆ ಸರಿಸಲಾಯಿತು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ತಿದ್ದುವ ಕನ್ನಡಿಗಳನ್ನು ಜೋಡಿಸಬೇಕಾಯಿತು.

ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ನಾನು ಕರಿಕಲ್ಲಿನ ವ್ಯವಹಾರದವನು. ನಮ್ಮ ಯಳಂದೂರು, ಕೊಳ್ಳೇಗಾಲ, ಚಾಮರಾಜನಗರ ಭಾಗದ ಕರಿಕಲ್ಲು ಹೊರದೇಶಗಳಲ್ಲಿಯೂ ಹೆಸರು ಪಡೆದದ್ದು. ಬಹುಪಾಲು ಅದು ದಿಮ್ಮಿಯಾಗಿ, ಇಲ್ಲವೇ ಹೊಳಪು ಕೊಟ್ಟ ಹಲಗೆಯಾಗಿ ಹೊರಡುತ್ತದೆ. ಅದೇ ಕಲ್ಲಿಗೆ ಇನ್ನೊಂದು ಉಪಯೋಗವೂ ಉಂಟು. ಯಂತ್ರಭಾಗಗಳ ಸಮತಟ್ಟನ್ನು ಪರೀಕ್ಷಿಸುವ ಸರ್ಫೇಸ್ ಪ್ಲೇಟುಗಳೂ, ದೊಡ್ಡ ಅಳತೆಯಂತ್ರಗಳ ಪೀಠಗಳೂ ಆಗುವುದು ಇಂತಹ ಕಲ್ಲಿನಿಂದಲೇ. ಕಲ್ಲು ತುಕ್ಕು ಹಿಡಿಯದು. ಪೆಟ್ಟು ಬಿದ್ದರೆ ಚೂರು ಹಾರುವುದೇ ಹೊರತು ಕಬ್ಬಿಣದಂತೆ ಅಂಚೆದ್ದು ನಿಲ್ಲದು. ಬಿಸಿಗೆ ಉಕ್ಕಿಗಿಂತ ಕಡಿಮೆ ಹಿಗ್ಗುವುದು.

ಕೆಲವು ವರ್ಷಗಳ ಹಿಂದೆ ಯಂತ್ರೋದ್ಯಮವೊಂದರಿಂದ ಅಂತಹ ಆರು ಫಲಕಗಳಿಗೆ ಬೇಡಿಕೆ ಬಂದಿತು. ದುಬಾರಿ ವಜ್ರದ ಪುಡಿ ತಂದು, ನುರಿತ ಇಬ್ಬರು ಕೆಲಸಗಾರರಿಂದ ವಾರಗಟ್ಟಲೆ ಕೈಯಿಂದಲೇ ಉಜ್ಜಿಸಿದೆ. ನಮ್ಮಲ್ಲಿದ್ದ ಉಕ್ಕಿನ ನೇರಪಟ್ಟಿ ಇಟ್ಟು ನೋಡಿದರೆ ಬೆಳಕು ನುಸುಳುತ್ತಿರಲಿಲ್ಲ. ಹೆಮ್ಮೆಯಿಂದ ಕಳುಹಿಸಿದೆ. ಆರರಲ್ಲಿ ಎರಡು ಹಿಂದಿರುಗಿದವು. ಸಾಗಣೆ ವೆಚ್ಚ ಎರಡೂ ಕಡೆಯದು ನನ್ನದೇ. ಬಳಿಕ ಪರೀಕ್ಷಿಸಿದಾಗ ತಿಳಿದದ್ದು: ನಮ್ಮ ನೇರಪಟ್ಟಿಯೇ ನಡುವೆ ಸವೆದಿತ್ತು, ಸವೆದ ಪಟ್ಟಿಗೆ ತಕ್ಕಂತೆ ನಾವು ಕಲ್ಲನ್ನು ಉಬ್ಬಿಸಿದ್ದೆವು. ಸಾಲದುದಕ್ಕೆ, ಏಪ್ರಿಲ್ ಮಧ್ಯಾಹ್ನದಲ್ಲಿ ತಗಡಿನ ಸೂರಿನಡಿ ಅಳೆದಿದ್ದೆವು. ಮೇಲ್ಮೈ ಬಿಸಿಯಾಗಿ ತಳ ತಂಪಾಗಿದ್ದರೆ ಕಲ್ಲೂ ಕೊಂಚ ಕಮಾನಿನಂತೆ ಬಾಗುತ್ತದೆ. ಉದ್ದಳತೆಗೆ ಜಗತ್ತೇ ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಎಂಬುದು ನನಗೆ ಅಂದು ಗೊತ್ತಿರಲಿಲ್ಲ. ಒಂದರ ದೋಷಕ್ಕೆ ವಜ್ರದ ಪುಡಿ ಖರೀದಿಸಿ, ಹತ್ತರ ದೋಷವನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಆ ಎರಡು ಫಲಕಗಳು ಇಂದಿಗೂ ನಮ್ಮ ಕಾರ್ಖಾನೆಯಲ್ಲಿ ಕೆಲಸಗಾರರ ಊಟದ ಮೇಜಾಗಿವೆ. ನೋಡಿದಾಗಲೆಲ್ಲ ನನಗೆ ಪಾಠ ಹೇಳುತ್ತವೆ.

ರೇಷ್ಮೆಯ ಕಥೆಯೂ ಬೇರೆಯಲ್ಲ. ಒಂಬತ್ತು ಸಾವಿರ ಮೀಟರ್ ನೂಲಿನ ತೂಕ ಗ್ರಾಮಿನಲ್ಲಿ ಎಷ್ಟೋ ಅಷ್ಟು ಡೆನಿಯರ್. ಇಪ್ಪತ್ತು–ಇಪ್ಪತ್ತೆರಡು ಡೆನಿಯರ್ ಎಂದು ಮಾರಿದ ನೂಲು ಒಂದು ಲಡಿಯಲ್ಲಿ ಹದಿನೆಂಟು, ಇನ್ನೊಂದರಲ್ಲಿ ಇಪ್ಪತ್ತೈದು ಆದರೆ ನೇಯ್ಗೆಯವನು ಬೆಲೆ ಇಳಿಸದೆ ಬಿಡುವನೇ? ಗೂಡು ನಮ್ಮದು, ಬಿಚ್ಚಾಣಿಕೆದಾರರ ಕೈಚಳಕ ನಮ್ಮದು, ದರ್ಜೆ ನಿರ್ಣಯಿಸುವ ಹಕ್ಕು ಮಾತ್ರ ಕೊಳ್ಳುವವನದು. ಅಳೆಯುವವನೇ ಬೆಲೆ ಕಟ್ಟುತ್ತಾನೆ.

ನಮ್ಮ ಮುಂದಿರುವ ಕೆಲಸ

ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಆ ವಿದ್ಯುತ್ ಮೊದಲು ಹರಿದದ್ದು ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ. ಮಗ್ಗುಲಲ್ಲಿ ಹುಟ್ಟಿದ್ದು ದೂರದಲ್ಲಿ ಬೆಳಗುವುದು ನಮಗೆ ಹೊಸದಲ್ಲ. ಕಲ್ಲು ಮತ್ತು ನೂಲಿನ ವಿಷಯದಲ್ಲಿಯಾದರೂ ಇದು ಬದಲಾಗಬೇಕು. ಅದಕ್ಕಾಗಿ ಮಂಡಳಿಯ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದು, ಮೂರು ತಾಲ್ಲೂಕುಗಳಿಗೂ ಸೇರಿ ಒಂದು ಸಾಮಾನ್ಯ ಅಳತೆ ಕೊಠಡಿ. ವರ್ಷವಿಡೀ 20 ಡಿಗ್ರಿಯಲ್ಲಿರುವ ಒಂದು ಕೋಣೆ, ಪ್ರಮಾಣೀಕರಿಸಿದ ನೇರಪಟ್ಟಿ, ಎಲೆಕ್ಟ್ರಾನಿಕ್ ಲೆವೆಲ್, ಅಳತೆಗಲ್ಲು, ಜೊತೆಗೆ ನೂಲಿನ ಡೆನಿಯರ್ ಪರೀಕ್ಷೆಯ ಸಲಕರಣೆ. ಒಬ್ಬ ಉದ್ದಿಮೆದಾರನಿಗೆ ಇದು ಭಾರ. ಐವತ್ತು ಜನರಿಗೆ ಭಾರವಲ್ಲ. ಸಣ್ಣ ಉದ್ದಿಮೆಗಳ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅನುದಾನ ನೀಡುವ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮ ಕೇಂದ್ರ ಸರ್ಕಾರದಲ್ಲಿದೆ. ಅರ್ಜಿ ಹಾಕಬೇಕಾದವರು ನಾವು.

ಎರಡನೆಯದು, ತರಬೇತಿ. ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಮೈಸೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಲ್ಲಿಯ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ – ಇವು ಯಾವುವೂ ನಮಗೆ ದೂರವಲ್ಲ. ಹನೂರು, ಯಳಂದೂರಿನ ಐಟಿಐ, ಡಿಪ್ಲೊಮಾ ಓದಿದ ಹುಡುಗ ಹುಡುಗಿಯರನ್ನು ಅಳತೆಶಾಸ್ತ್ರ ಕಲಿಯಲು ಮಂಡಳಿಯ ವೆಚ್ಚದಲ್ಲಿ ಕಳುಹಿಸಬೇಕು. ನಗರಕ್ಕೆ ಹೋದವರು ಮರಳಿ ಬರಲು ಇಲ್ಲೊಂದು ಉದ್ಯೋಗವೂ ಆದೀತು.

ಮೂರನೆಯದಕ್ಕೆ ಹಣವೇ ಬೇಡ. ಪ್ರತಿಯೊಂದು ಕಾರ್ಖಾನೆಯಲ್ಲೂ ನಗದು ಪುಸ್ತಕದ ಪಕ್ಕದಲ್ಲಿ ಒಂದು ದೋಷದ ಪುಸ್ತಕವಿರಲಿ. ಯಾವ ಸರಕು ಹಿಂದಿರುಗಿತು, ಎಷ್ಟು ತಪ್ಪಿತ್ತು, ಯಾವ ಅಳತೆಪಟ್ಟಿಯಿಂದ, ದಿನದ ಯಾವ ಹೊತ್ತಿನಲ್ಲಿ ಅಳೆದದ್ದು ಎಂದು ಬರೆಯೋಣ. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ನಮ್ಮ ಹತ್ತರ ದೋಷ ಯಾವುದೆಂದು ತಾನಾಗಿಯೇ ತಿಳಿಯುತ್ತದೆ.

ಕೇಂದ್ರ ಬಂದ ಮಾತ್ರಕ್ಕೆ ಮಾರನೆಯ ದಿನವೇ ಬಾಹ್ಯಾಕಾಶದಿಂದ ಬೇಡಿಕೆ ಬಂದು ಬೀಳುತ್ತದೆಂಬ ಭ್ರಮೆ ನನಗಿಲ್ಲ. ಅಂತಹ ಉಪಕರಣಗಳ ಬೇಡಿಕೆ ಅತ್ಯಲ್ಪ, ಅವಧಿ ಹತ್ತಾರು ವರ್ಷ. ಆದರೆ ಅವುಗಳ ಹಿಂದೆ ಯಂತ್ರ, ಮೋಟಾರು ವಾಹನ, ವೈದ್ಯಕೀಯ ಸಲಕರಣೆಗಳ ದೊಡ್ಡ ಮಾರುಕಟ್ಟೆಯಿದೆ. ಅಲ್ಲಿಯೂ ಕೇಳುವುದು ಇದೇ ಪ್ರಮಾಣಪತ್ರವನ್ನು.

2019ರಲ್ಲಿ ಬಾಹ್ಯಗ್ರಹವೊಂದಕ್ಕೆ ಹೆಸರಿಡುವ ಅವಕಾಶ ಭಾರತಕ್ಕೆ ಒದಗಿದಾಗ ನಮ್ಮವರು ಅದನ್ನು ‘ಸಂತಮಸ’ ಎಂದು ಕರೆದರು. ಹೆಸರಿಟ್ಟದ್ದಾಯಿತು, ಕಾಣುವ ಉಪಕರಣ ಇನ್ನಷ್ಟೇ ಬರಬೇಕು. ಅದು ಬರುವ ಹೊತ್ತಿಗೆ ನಮ್ಮ ಅಳತೆಪಟ್ಟಿಯಾದರೂ ನೇರವಾಗಿರಲಿ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅಳತೆ ಕೊಠಡಿಯ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದೂ, ಸದಸ್ಯರು ತಮಗೆ ಹಿಂದಿರುಗಿದ ಸರಕಿನ ವಿವರಗಳನ್ನು ಸಂಕೋಚವಿಲ್ಲದೆ ತರಬೇಕೆಂದೂ ವಿನಂತಿಸುತ್ತೇನೆ. ನನ್ನ ಎರಡು ಫಲಕಗಳ ಲೆಕ್ಕವನ್ನು ಮೊದಲು ನಾನೇ ಬರೆಯುತ್ತೇನೆ.